ಕಡಲಿನ ರಹದಾರಿ, ಆಕಾಶದ ರಹದಾರಿ

1623ರಲ್ಲಿ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಗೋವೆಯಿಂದ ಹೊನ್ನಾವರಕ್ಕೆ ಬಂದಿಳಿದ. ಅಲ್ಲಿಂದ ಗೇರುಸೊಪ್ಪೆಯ ದಾರಿ ಹಿಡಿದು, ಘಟ್ಟ ಹತ್ತಿ, ಇಕ್ಕೇರಿ ತಲುಪಿದ. ಗೋವೆಯ ವೈಸರಾಯ್ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ್ದ ರಾಯಭಾರಿಯ ಜೊತೆಯಲ್ಲಿ ಅವನ ಪ್ರಯಾಣ ನಡೆದಿತ್ತು. ಆ ರಾಯಭಾರದ ಹಿಂದೆ ಎರಡು ವಿಷಯಗಳಿದ್ದವು. ನಾಯಕ ಓಡಿಸಿದ್ದ ಮಂಗಳೂರು ಕಡೆಯ ಬಂಗ ಅರಸನದು ಒಂದು, ಮೆಣಸಿನದು ಇನ್ನೊಂದು. ಘಟ್ಟದ ಮೇಲಿನ ಮೆಣಸು ಪೋರ್ಚುಗೀಸರಿಗೆ ಬೇಕು. ಆದರೆ ಅದು ಬೆಳೆಯುವುದು ನಾಯಕನ ನೆಲದಲ್ಲಿ. ನಾಯಕನಿಗೆ ಅದನ್ನು ಮಾರಬೇಕು. ಆದರೆ ಅದು ಹೋಗಬೇಕಾದದ್ದು ಪೋರ್ಚುಗೀಸರು ತಮ್ಮದೆಂದು ಹೇಳಿಕೊಳ್ಳುತ್ತಿದ್ದ ಕಡಲಿನ ಮೇಲೆ.

ಕೆಳದಿ ಅರಸರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೋಟೆಗಳ ಮೂಲಕ ಓದುತ್ತೇವೆ. ಕೆಳದಿ ಮತ್ತು ಇಕ್ಕೇರಿ ಸಾಗರದಲ್ಲಿವೆ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ವೆಂಕಟಪ್ಪ ನಾಯಕ ಬಲಪಡಿಸಿದ ಕವಲೇದುರ್ಗಕ್ಕೆ ಭುವನಗಿರಿ ಎಂಬ ಹೆಸರೂ ಇತ್ತು. ಮೂರು ಸುತ್ತಿನ ಕಲ್ಲುಗೋಡೆ, ಕೊಳಗಳು, ಅರಮನೆಯ ಜಗಲಿ, ಶಿವನ ಗುಡಿ ಇವೆಲ್ಲ ನೋಡಿದವರಿಗೆ ಗೊತ್ತು. ಈ ಕೋಟೆಗಳೆಲ್ಲ ಎಲ್ಲಿವೆ ಎಂದು ನಕ್ಷೆ ಹಿಡಿದು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಎಲ್ಲವೂ ಘಟ್ಟ ಇಳಿಯುವ ದಾರಿಗಳ ಆಸುಪಾಸಿನಲ್ಲಿವೆ. ಬಿದನೂರಿನಿಂದ ಹೊಸಂಗಡಿ ಘಟ್ಟ ಇಳಿದರೆ ಬಸ್ರೂರು, ಗಂಗೊಳ್ಳಿ. ಉತ್ತರಕ್ಕೆ ಹೊನ್ನಾವರ, ದಕ್ಷಿಣಕ್ಕೆ ಮಂಗಳೂರು. ಅಡಿಕೆ, ಮೆಣಸು, ಗಂಧ ಮೇಲಿನಿಂದ ಇಳಿಯುತ್ತಿದ್ದವು. ಕರಾವಳಿಯ ಅಕ್ಕಿ ಹಡಗು ಹತ್ತುತ್ತಿತ್ತು. ದುರ್ಗದ ಮೇಲೆ ನಿಂತ ಕಾವಲುಗಾರ ಕಾಯುತ್ತಿದ್ದದ್ದು ಈ ದಾರಿಯನ್ನು, ದಾರಿಯ ಸುಂಕವನ್ನು. ಘಟ್ಟದ ತಲೆಯಿಂದ ಬುಡದವರೆಗೆ ಅಪ್ಪಣೆ ಕೊಡುವವನು ನಾಯಕನೇ. ಬಂದರು ದಾಟಿದ ಮೇಲೆ ಮಾತ್ರ ಬೇರೆಯವರ ಅಪ್ಪಣೆ ಬೇಕಾಗುತ್ತಿತ್ತು.

ಆ ಅಪ್ಪಣೆಯ ಹೆಸರು ಕಾರ್ಟಾಜ್. ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲೇ ಪೋರ್ಚುಗೀಸರು ಇದನ್ನು ಜಾರಿಗೆ ತಂದರು. ಹಿಂದೂ ಮಹಾಸಾಗರದಲ್ಲಿ ವ್ಯಾಪಾರಕ್ಕೆ ಹೊರಟ ಪ್ರತಿ ಹಡಗೂ ಅವರಿಂದ ಒಂದು ಪತ್ರ ಪಡೆಯಬೇಕು. ಹಡಗಿನ ಹೆಸರು, ಗಾತ್ರ, ಅದನ್ನು ನಡೆಸುವ ನಾಖುದನ ಹೆಸರು, ಎಷ್ಟು ಜನ, ಎಷ್ಟು ಆಯುಧ, ಯಾವ ಬಂದರಿನಿಂದ ಯಾವ ಬಂದರಿಗೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಇಂಥಿಂಥ ಸರಕು ಒಯ್ಯಬಾರದು, ಇಂಥ ಶತ್ರುಗಳನ್ನು ಹತ್ತಿಸಬಾರದು, ಹೋಗುವಾಗಲೋ ಬರುವಾಗಲೋ ಪೋರ್ಚುಗೀಸರ ಕಟ್ಟೆಯಲ್ಲಿ ನಿಂತು ಸುಂಕ ಕಟ್ಟಬೇಕು ಎಂಬ ಷರತ್ತುಗಳೂ ಇದ್ದವು. ಪತ್ರದ ಬೆಲೆ ದೊಡ್ಡದಲ್ಲ, ಅದು ಹೇರುತ್ತಿದ್ದ ಸುಂಕ ದೊಡ್ಡದು. ಪತ್ರವಿಲ್ಲದ ಹಡಗು ಸಿಕ್ಕಿದರೆ ಸರಕಿನ ಸಮೇತ ಜಪ್ತಿ. ಅಕ್ಬರನ ಮನೆತನದ ಹೆಂಗಸರು ಮೆಕ್ಕಾ ಯಾತ್ರೆಗೆ ಹೊರಟಾಗಲೂ ಸೂರತ್ತಿನಲ್ಲಿ ಈ ಪತ್ರಕ್ಕಾಗಿ ಕಾಯಬೇಕಾಯಿತು. ಉತ್ತರ ಭಾರತವನ್ನೆಲ್ಲ ಆಳಿದ ಬಾದಶಹನ ಅಧಿಕಾರ ದಡದಲ್ಲಿ ಮುಗಿಯುತ್ತಿತ್ತು.

ಆದರೂ ಕನ್ನಡ ಕರಾವಳಿಯ ಮಟ್ಟಿಗೆ ಲೆಕ್ಕ ಒಂದೇ ಕಡೆಗೆ ವಾಲಿರಲಿಲ್ಲ. ಗೋವೆಯ ಅನ್ನ ಕೆನರಾದ ಅಕ್ಕಿಯಿಂದ ಬೇಯಬೇಕಿತ್ತು. ಹೊನ್ನಾವರ, ಬಸ್ರೂರು, ಮಂಗಳೂರುಗಳಿಂದ ಅಕ್ಕಿ ತುಂಬಿದ ದೋಣಿಗಳು ಸಾಲುಗಟ್ಟಿ, ಪೋರ್ಚುಗೀಸ್ ಯುದ್ಧನೌಕೆಗಳ ಕಾವಲಿನಲ್ಲಿ ಉತ್ತರಕ್ಕೆ ಹೋಗುತ್ತಿದ್ದವು. ಅಕ್ಕಿ ತಡೆದರೆ ಗೋವೆ ಹಸಿಯುತ್ತದೆ ಎಂಬುದು ಇಕ್ಕೇರಿಗೂ ಗೊತ್ತಿತ್ತು, ಗೋವೆಗೂ ಗೊತ್ತಿತ್ತು. 1637ರಲ್ಲಿ ಪೀಟರ್ ಮುಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಭಟ್ಕಳದ ಮೆಣಸಿಗಾಗಿ ವೀರಭದ್ರ ನಾಯಕನ ಇಕ್ಕೇರಿಗೆ ಬಂದ. ಕಡಲಿನ ಮೇಲೆ ಪೋರ್ಚುಗೀಸರ ಮಾತೇ ಕೊನೆಯಲ್ಲ ಎಂಬುದಕ್ಕೆ ಅದೊಂದು ಸೂಚನೆ. ಡಚ್ಚರು ಆಗಲೇ ಗೋವೆಯ ಬಾಯಿ ಕಟ್ಟಲು ತೊಡಗಿದ್ದರು. ಮುಂದೆ ಕೆಳದಿಯನ್ನು ಆಳಿದ ಶಿವಪ್ಪ ನಾಯಕ ಈ ಹೊತ್ತನ್ನು ಬಿಡಲಿಲ್ಲ. 1652 ಮತ್ತು 1654ರ ನಡುವೆ ಗಂಗೊಳ್ಳಿ-ಬಸ್ರೂರು, ಮಂಗಳೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳು ಒಂದರ ಹಿಂದೊಂದು ಅವನ ಕೈಗೆ ಬಂದವು. ಅವನ ಶಿಸ್ತಿನ ಕಂದಾಯವನ್ನು ಮಲೆನಾಡಿನ ಜನ ಇಂದಿಗೂ ನೆನೆಯುತ್ತಾರೆ. ಬಂದರುಗಳನ್ನು ಮರಳಿ ಪಡೆದ ಈ ಎರಡು ವರ್ಷಗಳನ್ನೂ ಅಷ್ಟೇ ನೆನೆಯಬೇಕು. ಘಟ್ಟದ ಮೇಲಿನ ಒಂದು ರಾಜ್ಯ ತನ್ನ ಸರಕು ಹೊರಹೋಗುವ ಬಾಗಿಲನ್ನು ತಾನೇ ಹಿಡಿದದ್ದು ಆಗ.

ಮುಂದೆ 1671ರಲ್ಲಿ, ಆಮೇಲೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ 1678ರಲ್ಲಿ ಒಪ್ಪಂದಗಳಾದವು. ಪೋರ್ಚುಗೀಸರಿಗೆ ವ್ಯಾಪಾರದ ಕೋಠಿ ಕಟ್ಟಲು ಅವಕಾಶ ಸಿಕ್ಕಿತು. ಹಿಂದೆ ಅವರು ಕಡಲಿಗೆ ಅಪ್ಪಣೆ ಕೊಡುವವರಾಗಿದ್ದರು. ಈಗ ನೆಲದ ಮೇಲೆ ಅಪ್ಪಣೆ ಕೇಳುವವರಾದರು. ಆದರೆ ನೀರಿನ ಮೇಲೆ ಅವರ ನೌಕಾಬಲ ಪೂರ್ತಿ ಅಡಗಿರಲಿಲ್ಲ. ಕೆನರಾದ ಅಕ್ಕಿ ಮಸ್ಕತ್ತಿನ ಅರಬರಿಗೂ ಹೋಗುತ್ತಿತ್ತು. ಅರಬರು ಪೋರ್ಚುಗೀಸರ ಬದ್ಧವೈರಿಗಳು. 1713ರಲ್ಲಿ ಪೋರ್ಚುಗೀಸ್ ನೌಕೆಗಳು ಕರಾವಳಿಯ ಬಂದರುಗಳ ಮೇಲೆ ಬಿದ್ದವು, 1714ರಲ್ಲಿ ಇನ್ನೊಂದು ಒಪ್ಪಂದವಾಯಿತು. ತನ್ನ ಬಂದರಿಗೆ ಯಾರ ಹಡಗು ಬರಬೇಕು ಎಂಬುದನ್ನು ಬಿದನೂರಿನ ಅರಸ ಗೋವೆಯ ಜೊತೆ ಕೂತು ತೀರ್ಮಾನಿಸಬೇಕಾದ ಸ್ಥಿತಿ ಅದು.

ಈ ಹಳೆಯ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಇವತ್ತು ಶಿವಮೊಗ್ಗದ ಸೋಗಾನೆಯಿಂದ ವಿಮಾನ ಏರುತ್ತದೆ, ಮಂಗಳೂರಿನ ಬಜ್ಪೆಯಿಂದ ದುಬೈಗೆ ವಿಮಾನ ಹೋಗುತ್ತದೆ. ಆ ವಿಮಾನಗಳ ಹಿಂದಿರುವ ಪರವಾನಗಿಯ ವ್ಯವಸ್ಥೆಯನ್ನು ಬಿಡಿಸಿ ನೋಡಿದರೆ ಕಾರ್ಟಾಜಿನಲ್ಲಿದ್ದ ಪ್ರಶ್ನೆಗಳೇ ಅಲ್ಲಿಯೂ ಕಾಣುತ್ತವೆ. ವಾಹನ ಯಾರದು, ನಡೆಸುವವನು ಯಾರು, ಎಲ್ಲಿಂದ ಎಲ್ಲಿಗೆ, ಏನು ಒಯ್ಯಬಹುದು, ಎಲ್ಲಿ ಇಳಿಯಬೇಕು? ನಡುವೆ ಮುನ್ನೂರು ವರ್ಷಗಳಲ್ಲಿ ಕಡಲಿನ ಕಾನೂನು ಒಂದು ದಿಕ್ಕಿಗೆ ಹೋಯಿತು. ಆಕಾಶದ್ದು ನೇರ ಎದುರು ದಿಕ್ಕಿಗೆ ಹೋಯಿತು.

ಕಡಲು ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ತೆರೆದದ್ದು ಎಂದು ಡಚ್ ನ್ಯಾಯವಾದಿ ಹ್ಯೂಗೊ ಗ್ರೋಶಿಯಸ್ ವಾದಿಸಿದ ಪುಸ್ತಕ ಪ್ರಕಟವಾದದ್ದು 1609ರಲ್ಲಿ. ಪೋರ್ಚುಗೀಸರ ಹಕ್ಕುದಾರಿಕೆಯನ್ನು ಮುರಿಯಲೆಂದೇ ಅದು ಹುಟ್ಟಿತು. ನಿಧಾನವಾಗಿ ಆ ವಾದವೇ ಗೆದ್ದಿತು. ಆಕಾಶಕ್ಕೂ ಇದೇ ನ್ಯಾಯ ಬರಬೇಕೆಂದು ವಿಮಾನ ಹುಟ್ಟಿದ ಹೊಸದರಲ್ಲಿ ಹೇಳಿದವರಿದ್ದರು. ಮೊದಲ ಮಹಾಯುದ್ಧ ಅದಕ್ಕೆ ಅವಕಾಶ ಕೊಡಲಿಲ್ಲ. ತಲೆಯ ಮೇಲಿನಿಂದ ಬಾಂಬು ಬೀಳುವುದನ್ನು ಕಂಡ ದೇಶಗಳು 1919ರ ಪ್ಯಾರಿಸ್ ಒಡಂಬಡಿಕೆಯಲ್ಲಿ, ನೆಲ ಯಾರದೋ ಅದರ ಮೇಲಿನ ಆಕಾಶವೂ ಪೂರ್ತಿ ಅವರದೇ ಎಂದು ಬರೆದುಕೊಂಡವು.

ಎರಡನೆಯ ಮಹಾಯುದ್ಧ ಮುಗಿಯುವ ಮುನ್ನವೇ, 1944ರ ನವೆಂಬರಿನಲ್ಲಿ, ಐವತ್ತಕ್ಕೂ ಹೆಚ್ಚು ದೇಶಗಳು ಷಿಕಾಗೊದಲ್ಲಿ ಸೇರಿದವು. ಭಾರತದ ನಿಯೋಗಕ್ಕೆ ಗಿರಿಜಾಶಂಕರ ಬಾಜಪೇಯಿ ಮುಖ್ಯಸ್ಥರು. ವಿಮಾನಗಳನ್ನು ರಾಶಿ ರಾಶಿ ಕಟ್ಟಿದ್ದ ಅಮೆರಿಕೆಗೆ ತೆರೆದ ಆಕಾಶ ಬೇಕಿತ್ತು. ಯುದ್ಧದಲ್ಲಿ ಸೊರಗಿದ ಬ್ರಿಟನ್ನಿಗೆ ಅದು ಬೇಡವಾಗಿತ್ತು. ಕೊನೆಗೆ ಡಿಸೆಂಬರ್ 7ರಂದು ಸಹಿಯಾದ ಒಡಂಬಡಿಕೆಯ ಆರನೆಯ ವಿಧಿ ಇಂದಿಗೂ ಜಗತ್ತನ್ನು ಆಳುತ್ತಿದೆ. ವೇಳಾಪಟ್ಟಿ ಇಟ್ಟುಕೊಂಡು ನಡೆಸುವ ಯಾವ ಅಂತರರಾಷ್ಟ್ರೀಯ ವಿಮಾನವೂ ಆಯಾ ದೇಶದ ವಿಶೇಷ ಅನುಮತಿಯಿಲ್ಲದೆ ಅದರ ಆಕಾಶಕ್ಕೆ ಬರುವಂತಿಲ್ಲ. ಏಳನೆಯ ವಿಧಿ ಇನ್ನೊಂದು ಬೇಲಿ ಹಾಕಿತು. ಒಂದು ದೇಶದೊಳಗಿನ ಎರಡು ಊರುಗಳ ನಡುವೆ ಪ್ರಯಾಣಿಕರನ್ನು ಒಯ್ಯುವ ಹಕ್ಕನ್ನು ಹೊರದೇಶದ ವಿಮಾನಕ್ಕೆ ನಿರಾಕರಿಸಬಹುದು. ಹಾಗಾಗಿ ಬೆಂಗಳೂರಿಗೆ ಬಂದ ದುಬೈ ವಿಮಾನ ಅಲ್ಲಿಂದ ಮಂಗಳೂರಿಗೆ ಟಿಕೆಟ್ ಮಾರಲಾರದು. ಉಳಿದದ್ದನ್ನೆಲ್ಲ ಎರಡೆರಡು ದೇಶಗಳು ಕೂತು ತೀರ್ಮಾನಿಸಿಕೊಳ್ಳಬೇಕು. ವಾರಕ್ಕೆ ಎಷ್ಟು ಸೀಟು, ಯಾವ ಊರಿಗೆ, ಯಾವ ಕಂಪನಿ ಎಂಬುದೆಲ್ಲ ಆ ಒಪ್ಪಂದದಲ್ಲಿರುತ್ತದೆ.

ದೇಶದೊಳಗಿನ ಪರವಾನಗಿಯ ಕತೆ ಇನ್ನೂ ರೋಚಕ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅಂಚೆಚೀಲ ಹೊತ್ತು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಹಾರಿದ್ದನ್ನು ಎಲ್ಲರೂ ಬಲ್ಲರು. ಆ ಅಂಚೆ ಅಲ್ಲಿಗೇ ನಿಲ್ಲಲಿಲ್ಲ. ಟಾಟಾರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದ. ಇಂದಿನ ಕರ್ನಾಟಕದ ನೆಲ ಟಾಟಾರ ಅಂಚೆ ವಿಮಾನ ಮಾರ್ಗಕ್ಕೆ ಸೇರಿಕೊಂಡದ್ದು ಹೀಗೆ, ಬಳ್ಳಾರಿಯ ಬಯಲಿನಲ್ಲಿ. 1934ರಲ್ಲಿ ವಿಮಾನ ಕಾಯಿದೆ ಬಂತು, 1937ರಲ್ಲಿ ವಿಮಾನ ನಿಯಮಗಳು ಬಂದವು. ಆ ಕಾಯಿದೆ ತೊಂಬತ್ತು ವರ್ಷ ಬಾಳಿತು. ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದದ್ದು 2025ರ ಜನವರಿ 1ರಂದು.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕನ್ ಸೈನ್ಯ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಮಾರಾಟವಾದವು. ಅವುಗಳನ್ನು ನಾಗರಿಕ ಬಳಕೆಗೆ ಸಜ್ಜುಮಾಡುವ ಕೆಲಸದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮುಂದಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಕಟ್ಟಿದ ಕಾರ್ಖಾನೆ ಅದು. ಡಕೋಟಾ ಸಿಗುತ್ತಿದ್ದಂತೆ ವಿಮಾನ ಕಂಪನಿ ತೆರೆಯಲು ಉದ್ಯಮಿಗಳು ಮುಗಿಬಿದ್ದರು. ಅವರನ್ನು ಹದ್ದಿನಲ್ಲಿಡಲು ಸರ್ಕಾರ 1946ರಲ್ಲಿ ವಾಯು ಸಾರಿಗೆ ಪರವಾನಗಿ ಮಂಡಲಿಯನ್ನು ರಚಿಸಿತು. ಇನ್ನು ಮುಂದೆ ವೇಳಾಪಟ್ಟಿಯಂತೆ ವಿಮಾನ ಓಡಿಸಬೇಕಾದರೆ ಮಂಡಲಿಯ ಪರವಾನಗಿ ಬೇಕು. ಆ ದಾರಿಗೆ ವಿಮಾನ ಬೇಕೇ, ಈಗಾಗಲೇ ಯಾರಾದರೂ ಓಡಿಸುತ್ತಿದ್ದಾರೆಯೇ, ಅರ್ಜಿದಾರನ ಬಳಿ ಹಣವಿದೆಯೇ ಎಂದು ನೋಡಿ ಮಂಡಲಿ ತೀರ್ಮಾನಿಸಬೇಕು.

ಉದ್ದೇಶ ಒಳ್ಳೆಯದಿತ್ತು, ನಡೆದದ್ದು ಬೇರೆ. ಮಂಡಲಿ ದೇಶದ ಪ್ರಯಾಣಿಕರ ಸಂಖ್ಯೆ ತಾಳಲಾರದಷ್ಟು ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಅಂಬಿಕಾ ಏರ್‌ಲೈನ್ಸ್, ಜುಪಿಟರ್ ಏರ್‌ವೇಸ್‌ಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದವು. 1950ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರ ಸಮಿತಿ ವಿಚಾರಣೆ ನಡೆಸಿ, ಅಗತ್ಯಕ್ಕಿಂತ ಹೆಚ್ಚು ಕಂಪನಿಗಳಿವೆ, ಅವು ಒಂದುಗೂಡಬೇಕು ಎಂದು ಹೇಳಿತು. ಒಂದುಗೂಡಲು ಯಾರೂ ಸಿದ್ಧರಿರಲಿಲ್ಲ. 1953ರ ವಾಯು ನಿಗಮಗಳ ಕಾಯಿದೆಯಿಂದ ಸರ್ಕಾರವೇ ಎಲ್ಲವನ್ನೂ ವಹಿಸಿಕೊಂಡಿತು. ಆಗಸ್ಟ್ 1ರಂದು ನಿಜಾಮರ ಸರ್ಕಾರ ಮತ್ತು ಟಾಟಾ ಸೇರಿ ಕಟ್ಟಿದ್ದ ದಖನ್ ಏರ್‌ವೇಸ್, ಬಿಜು ಪಟ್ನಾಯಕರ ಕಳಿಂಗ, ಇನ್ನೂ ಹಲವು ಕಂಪನಿಗಳು ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ನಿಗಮದಲ್ಲಿ ಕರಗಿದವು. ಹೊರದೇಶದ ದಾರಿಗಳು ಏರ್ ಇಂಡಿಯಾಕ್ಕೆ ಹೋದವು. ಬೇರೆ ಯಾರೂ ವೇಳಾಪಟ್ಟಿಯ ವಿಮಾನ ಓಡಿಸಬಾರದು ಎಂದು ಕಾಯಿದೆಯೇ ಬಾಗಿಲು ಹಾಕಿತು. ನಲವತ್ತು ವರ್ಷ ಪರವಾನಗಿಯ ಪ್ರಶ್ನೆಯೇ ಏಳಲಿಲ್ಲ. ಏಕೆಂದರೆ ಅರ್ಜಿ ಹಾಕುವವರೇ ಇರಲಿಲ್ಲ.

ಆ ನಲವತ್ತು ವರ್ಷ ಮಲೆನಾಡಿಗೆ ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುವ ಸದ್ದು ಮಾತ್ರ. ಘಟ್ಟದ ಕೆಳಗೆ ಬಜ್ಪೆಯಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ನಿಲ್ದಾಣವನ್ನು ತೆರೆದಿದ್ದರು. ಅದು ಗುಡ್ಡದ ನೆತ್ತಿಯನ್ನು ತರಿದು ಮಾಡಿದ ಜಾಗ. ಘಟ್ಟದ ಮೇಲಿನವರು ಬಸ್ಸು ಹಿಡಿದು ಅಲ್ಲಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಒಬ್ಬನೇ ಮಾರುವವನಿದ್ದಾಗ ಅವನು ಎಲ್ಲಿ ಅಂಗಡಿ ತೆರೆಯುತ್ತಾನೋ ಅಲ್ಲಿಗೇ ಗಿರಾಕಿ ಹೋಗಬೇಕು.

ಬಾಗಿಲು ತೆರೆಯಿತು ಎನ್ನುವುದಕ್ಕಿಂತ ಅದರಲ್ಲಿ ಬಿರುಕು ಬಿಟ್ಟಿತು ಎನ್ನಬೇಕು. ಏರ್ ಟ್ಯಾಕ್ಸಿ ಎಂಬ ಹೆಸರಿನಲ್ಲಿ ಖಾಸಗಿಯವರಿಗೆ ಅನುಮತಿ ಸಿಕ್ಕಿತು. 1992ರಲ್ಲಿ ಈಸ್ಟ್ ವೆಸ್ಟ್, 1993ರಲ್ಲಿ ಜೆಟ್ ಏರ್‌ವೇಸ್ ಮತ್ತು ದಮಾನಿಯಾ ಹಾರಿದವು. ಕಾಯಿದೆ ಇನ್ನೂ ಜೀವಂತವಾಗಿದ್ದರಿಂದ ಈ ಕಂಪನಿಗಳು ವೇಳಾಪಟ್ಟಿ ಪ್ರಕಟಿಸುವಂತಿರಲಿಲ್ಲ. ದಿನಾ ಅದೇ ಹೊತ್ತಿಗೆ ಅದೇ ಊರಿಗೆ ವಿಮಾನ ಹೋಗುತ್ತದೆ. ಆದರೆ ಕಾಗದದಲ್ಲಿ ಅದು ಬಾಡಿಗೆ ಕಾರಿನಂತೆ, ಕರೆದಾಗ ಬರುವಂಥದ್ದು. 1994ರ ಮಾರ್ಚ್ 1ರಂದು ಹಳೆಯ ಕಾಯಿದೆ ರದ್ದಾಯಿತು. ಅದೇ ದಿನ ಇನ್ನೊಂದು ನಿಯಮವೂ ಜಾರಿಗೆ ಬಂತು. ಅದನ್ನು ನಾನು ಆ ದಶಕದ ಅತ್ಯಂತ ವಿವೇಕದ ತೀರ್ಮಾನ ಎನ್ನುತ್ತೇನೆ. ಮುಂಬಯಿ-ದೆಹಲಿಯಂಥ ಹನ್ನೆರಡು ಮುಖ್ಯ ದಾರಿಗಳಲ್ಲಿ ಹಾರುವ ಕಂಪನಿ ಅಲ್ಲಿ ಒದಗಿಸಿದ ಸಾಮರ್ಥ್ಯದ ಕನಿಷ್ಠ ಶೇ. 10ರಷ್ಟನ್ನು ಈಶಾನ್ಯ, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳಿಗೆ ಕೊಡಬೇಕು. ಶೇ. 50ರಷ್ಟನ್ನು ಉಳಿದ ಊರುಗಳ ದಾರಿಗಳಲ್ಲಿ ಹಾರಿಸಬೇಕು. ಲಾಭದ ದಾರಿಯ ಹಕ್ಕು ಬೇಕಾದರೆ ದೂರದ ಊರಿನ ಹೊಣೆಯನ್ನೂ ಹೊರಬೇಕು. ಪರವಾನಗಿ ಎಂಬುದು ಬರೀ ತಡೆಯುವ ಗೇಟಾಗಬೇಕಿಲ್ಲ, ಹೊರೆ ಹಂಚುವ ಒಪ್ಪಂದವೂ ಆಗಬಹುದು ಎಂದು ತೋರಿಸಿದ ನಿಯಮ ಇದು.

ಕನ್ನಡಿಗರು ಈ ಕತೆಯ ನಡುಮನೆಗೆ ಬರುವುದು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರೊಂದಿಗೆ. ಹಾಸನ ಜಿಲ್ಲೆಯ ಗೊರೂರಿನ ಮನುಷ್ಯ, ಸೈನ್ಯ ಬಿಟ್ಟು ಬಂದು ಜಾವಗಲ್ ಬಳಿ ರೇಷ್ಮೆ ಬೆಳೆದ ರೈತ. ಗೆಳೆಯ ಕ್ಯಾಪ್ಟನ್ ಸ್ಯಾಮುಯೆಲ್ ಜೊತೆ 1990ರ ದಶಕದ ಕೊನೆಯಲ್ಲಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. 2003ರ ಆಗಸ್ಟಿನಲ್ಲಿ ಅದೇ ಕಂಪನಿಯ ಏರ್ ಡೆಕ್ಕನ್ ವಿಮಾನ ಬೆಂಗಳೂರು-ಹುಬ್ಬಳ್ಳಿ ನಡುವೆ ಹಾರಿತು. ಅದು 48 ಸೀಟಿನ, ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್. ಊಟವಿಲ್ಲ, ಟಿಕೆಟ್ ಅಗ್ಗ. ದೊಡ್ಡವರ ಪೈಪೋಟಿ ಇದ್ದ ದಾರಿಗಳನ್ನು ಬಿಟ್ಟು ಹುಬ್ಬಳ್ಳಿಯಂಥ ಊರಿನಿಂದ ಶುರು ಮಾಡಿದ್ದು ಅವರ ಜಾಣ್ಮೆ. ಕೆಲವೇ ವರ್ಷಗಳಲ್ಲಿ ಆ ವಿಮಾನಗಳು ದೇಶದ 60ಕ್ಕೂ ಹೆಚ್ಚು ಊರುಗಳನ್ನು ಮುಟ್ಟಿದವು. ಮೊದಲ ಬಾರಿ ವಿಮಾನ ಹತ್ತಿದ ಎಷ್ಟೋ ಕನ್ನಡ ಮನೆಗಳ ಅಜ್ಜ-ಅಜ್ಜಿಯರು ಹತ್ತಿದ್ದು ಏರ್ ಡೆಕ್ಕನ್ನನ್ನೇ.

ವೇಳಾಪಟ್ಟಿಯ ವಿಮಾನ ಕಂಪನಿಗೆ ಪರವಾನಗಿ ಸಿಗುವ ಬಗೆಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಮೊದಲು ನಾಗರಿಕ ವಿಮಾನಯಾನ ಸಚಿವಾಲಯದ ನಿರಾಕ್ಷೇಪಣಾ ಪತ್ರ. ಕಂಪನಿಯ ಮುಖ್ಯ ಕಚೇರಿ ಭಾರತದಲ್ಲಿರಬೇಕು, ಅಧ್ಯಕ್ಷರು ಮತ್ತು ನಿರ್ದೇಶಕರಲ್ಲಿ ಮೂರರಲ್ಲಿ ಎರಡು ಪಾಲು ಜನ ಭಾರತೀಯ ಪ್ರಜೆಗಳಾಗಿರಬೇಕು, ಹತೋಟಿ ಭಾರತೀಯರದೇ ಆಗಿರಬೇಕು ಎಂಬುದು ಬಹುಕಾಲದ ನಿಯಮ. ದೊಡ್ಡ ವಿಮಾನಗಳ ಕಂಪನಿಗೆ 50 ಕೋಟಿ ರೂಪಾಯಿ, 40 ಟನ್ನಿಗಿಂತ ಹಗುರದ ವಿಮಾನಗಳದಕ್ಕೆ 20 ಕೋಟಿ ರೂಪಾಯಿ ಬಂಡವಾಳ ಮತ್ತು ಐದು ವಿಮಾನ ಬೇಕು ಎಂಬ ಅಳತೆಯೂ ಇತ್ತು. ಆಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸರದಿ. ಅರ್ಜಿ, ಕೈಪಿಡಿಗಳ ಪರಿಶೀಲನೆ, ಪೈಲಟ್ ಮತ್ತು ಎಂಜಿನಿಯರುಗಳ ತಪಾಸಣೆ ಎಲ್ಲ ಮುಗಿದ ಮೇಲೆ ಅಧಿಕಾರಿಗಳನ್ನು ಕೂರಿಸಿಕೊಂಡು ಹಾರಿ ತೋರಿಸಬೇಕು. ಪ್ರಯಾಣಿಕರಿಲ್ಲದ ಆ ಪರೀಕ್ಷಾ ಹಾರಾಟದಲ್ಲಿ ಗೆದ್ದ ಮೇಲಷ್ಟೇ ಪ್ರಮಾಣಪತ್ರ. ಈ ಕೊನೆಯ ಭಾಗದ ಬಗ್ಗೆ ಯಾರೂ ತಕರಾರು ಮಾಡುವ ಹಾಗಿಲ್ಲ. ನೂರೈವತ್ತು ಜೀವ ಹೊತ್ತು ಹಾರುವವನ ಕೈ ಎಷ್ಟು ಗಟ್ಟಿ ಎಂದು ನೋಡಲೇಬೇಕು. ತಕರಾರು ಹುಟ್ಟುವುದು ಸುರಕ್ಷತೆಗೆ ಸಂಬಂಧವಿಲ್ಲದ ಷರತ್ತುಗಳಲ್ಲಿ.

ಅಂಥ ಷರತ್ತುಗಳಲ್ಲಿ ಹೆಸರುವಾಸಿಯಾದದ್ದು ಐದು-ಇಪ್ಪತ್ತರ ನಿಯಮ. 2004ರ ಕೊನೆಯಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳಿಗೆ ಹೊರದೇಶದ ದಾರಿ ತೆರೆಯಿತು. ಆದರೆ ದೇಶದೊಳಗೆ ಐದು ವರ್ಷ ಹಾರಿರಬೇಕು, ಇಪ್ಪತ್ತು ವಿಮಾನ ಇರಬೇಕು ಎಂದಿತು. ಹೊರದೇಶದ ಕಂಪನಿಗೆ ಇಂಥ ಷರತ್ತಿರಲಿಲ್ಲ. ನಿನ್ನೆ ಹುಟ್ಟಿದ ಕೊಲ್ಲಿಯ ಕಂಪನಿ ಒಪ್ಪಂದದಂತೆ ಬೆಂಗಳೂರಿಗೆ ಬರಬಹುದಿತ್ತು. ನಾಲ್ಕು ವರ್ಷ ಹಾರಿದ ಬೆಂಗಳೂರಿನ ಕಂಪನಿ ಕೊಲ್ಲಿಗೆ ಹೋಗುವಂತಿರಲಿಲ್ಲ.

ಈ ನಿಯಮ ಬೆಂಗಳೂರಿನ ಎರಡು ಕಂಪನಿಗಳ ಹಣೆಬರಹ ಬರೆಯಿತು. ವಿಜಯ್ ಮಲ್ಯರ ಕಿಂಗ್‌ಫಿಷರ್ ಹಾರಲು ತೊಡಗಿದ್ದು 2005ರ ಮೇ ತಿಂಗಳಲ್ಲಿ. ಹೊರದೇಶಕ್ಕೆ ಹಾರಬೇಕಾದರೆ ಅದು 2010ರವರೆಗೆ ಕಾಯಬೇಕು. ಏರ್ ಡೆಕ್ಕನ್ನಿಗೆ ಐದು ವರ್ಷ ತುಂಬುವುದು 2008ರ ಆಗಸ್ಟಿಗೆ. ಪೈಪೋಟಿ ಮತ್ತು ನಷ್ಟದಿಂದ ಬಳಲಿದ್ದ ಡೆಕ್ಕನ್ನಿನಲ್ಲಿ 2007ರಲ್ಲಿ ಮಲ್ಯ ಪಾಲು ಕೊಂಡರು, 2008ರಲ್ಲಿ ಎರಡೂ ಒಂದಾದವು. ಕಾಗದದ ಮೇಲೆ ಉಳಿದುಕೊಂಡದ್ದು ಹಳೆಯ ಡೆಕ್ಕನ್ ಏವಿಯೇಷನ್, ಹೆಸರು ಮಾತ್ರ ಕಿಂಗ್‌ಫಿಷರ್ ಎಂದು ಬದಲಾಯಿತು. 2008ರ ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು. ಗೊರೂರಿನ ಕ್ಯಾಪ್ಟನ್ ರೈತರಿಗೂ ಕೂಲಿಗಳಿಗೂ ವಿಮಾನ ಮುಟ್ಟಿಸಬೇಕೆಂದು ಕಟ್ಟಿದ ಕಂಪನಿಯ ಐದು ವರ್ಷದ ವಯಸ್ಸು ಐಷಾರಾಮಿ ವಿಮಾನ ಲಂಡನ್ನಿಗೆ ಹೋಗುವುದಕ್ಕೆ ರಹದಾರಿಯಾಯಿತು. ವಿಲೀನಕ್ಕೆ ಬೇರೆ ಕಾರಣಗಳೂ ಇದ್ದವು, ಡೆಕ್ಕನ್ನಿನ ಸಾಲ ಸಣ್ಣದಾಗಿರಲಿಲ್ಲ. ಆದರೂ ಆ ಎರಡು ವರ್ಷಗಳ ಬೆಲೆ ಎಷ್ಟೆಂದು ಆ ಖರೀದಿ ತೋರಿಸಿತು. ಅಗ್ಗದ ಟಿಕೆಟ್ಟಿನ ಆ ಸೇವೆ ಮುಚ್ಚಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರಿನ ಪರವಾನಗಿಯೂ ಅಮಾನತಾಯಿತು. ಎರಡರ ಸಾವಿರಾರು ನೌಕರರು ಬೀದಿಗೆ ಬಂದರು. 2016ರ ಜೂನಿನಲ್ಲಿ ಬಂದ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಐದು ವರ್ಷದ ಷರತ್ತನ್ನು ಕೈಬಿಟ್ಟಿತು. ಈಗ 20 ವಿಮಾನಗಳನ್ನು ಅಥವಾ ತನ್ನ ಒಟ್ಟು ಸಾಮರ್ಥ್ಯದ ಶೇ. 20ನ್ನು, ಯಾವುದು ಹೆಚ್ಚೋ ಅಷ್ಟನ್ನು, ದೇಶದೊಳಗಿನ ಸೇವೆಗೆ ಇಟ್ಟರೆ ಸಾಕು.

ಅದೇ ನೀತಿಯಿಂದ ಉಡಾನ್ ಯೋಜನೆಯೂ ಹೊರಟಿತು. ವಿಮಾನ ಕಾಣದ ಊರುಗಳ ದಾರಿಗೆ ಕಂಪನಿಗಳು ಬಿಡ್ ಮಾಡಬೇಕು. ಗೆದ್ದವರಿಗೆ ಕೊರತೆ ತುಂಬುವ ಹಣ ಸಿಗುತ್ತದೆ, ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇರುತ್ತದೆ, ಮೂರು ವರ್ಷ ಆ ದಾರಿ ಅವರೊಬ್ಬರದೇ. 1946ರ ಮಂಡಲಿ ಮಾಡಬೇಕಿದ್ದ ಕೆಲಸ, ಅಂದರೆ ಯಾವ ದಾರಿಗೆ ಯಾರು ಎಂದು ನಿಗದಿ ಮಾಡುವುದು, ಎಪ್ಪತ್ತು ವರ್ಷದ ಮೇಲೆ ಹರಾಜಿನ ರೂಪದಲ್ಲಿ ಮರಳಿ ಬಂತು. ಕರ್ನಾಟಕಕ್ಕೆ ಇದರಿಂದ ಒಳ್ಳೆಯದೇ ಆಯಿತು. ಬಳ್ಳಾರಿ ಬಳಿಯ ವಿದ್ಯಾನಗರ, ಮೈಸೂರು, ಹುಬ್ಬಳ್ಳಿ, 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್ ಈ ನಕ್ಷೆಗೆ ಸೇರಿದವು.

ಮಲೆನಾಡಿನ ಸರದಿ ಕೊನೆಗೆ ಬಂತು. ಸೋಗಾನೆಯಲ್ಲಿ ವರ್ಷಗಟ್ಟಲೆ ನಿಂತುಹೋಗಿದ್ದ ಕೆಲಸ 2020ರಲ್ಲಿ ಮತ್ತೆ ಶುರುವಾಯಿತು. ಸುಮಾರು 450 ಕೋಟಿ ರೂಪಾಯಿ ವೆಚ್ಚ, ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ, ಕಮಲದ ಆಕಾರದ ನಿಲ್ದಾಣ. 2023ರ ಫೆಬ್ರವರಿ 27ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ನಿಲ್ದಾಣಕ್ಕೆ ಕುವೆಂಪು ಅವರ ಹೆಸರು. ಕವಲೇದುರ್ಗದ ತಾಲ್ಲೂಕಿನಲ್ಲೇ ಬೆಳೆದ ಕವಿ ಅವರು. ಉದ್ಘಾಟನೆಯ ಮೇಲೂ ಪ್ರಯಾಣಿಕರು ಆರು ತಿಂಗಳು ಕಾಯಬೇಕಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೊದ ಎಟಿಆರ್ ವಿಮಾನ ಬಂದಿಳಿಯಿತು. ನವೆಂಬರಿನಲ್ಲಿ ಸ್ಟಾರ್ ಏರ್ ಉಡಾನ್ ಅಡಿಯಲ್ಲಿ ಹೈದರಾಬಾದ್, ಗೋವಾ, ತಿರುಪತಿಗಳಿಗೆ ಶುರು ಮಾಡಿತು. ಹಿಂದೆ ಗೋವೆಯ ರಾಯಭಾರಿ ಹಡಗು, ದೋಣಿ, ಕಾಲ್ನಡಿಗೆ, ಪಲ್ಲಕ್ಕಿಗಳಲ್ಲಿ ಬಂದ ದೂರಕ್ಕೆ ಒಂದು ಗಂಟೆಯೂ ಹಿಡಿಯದಂತಾಯಿತು.

ವಿಮಾನಕ್ಕೆ ಹೇಗೋ ಹಾಗೆ ನಿಲ್ದಾಣಕ್ಕೂ ಪರವಾನಗಿ ಬೇಕು. ರನ್‌ವೇಯ ತುದಿಯಲ್ಲಿ ಎಷ್ಟು ಖಾಲಿ ಜಾಗವಿದೆ, ಬೆಂಕಿ ಆರಿಸುವ ವಾಹನ ಎಷ್ಟು, ಹಕ್ಕಿಗಳ ಕಾಟ ಹೇಗೆ ತಡೆಯುತ್ತೀರಿ, ಕಾವಲು ಯಾರದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು. ಬೇರೆ ಹೆಚ್ಚಿನ ಕಡೆ ಇದನ್ನು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವೋ ಖಾಸಗಿ ಕಂಪನಿಯೋ ಹೊರುತ್ತದೆ. ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರದ ಕೈಗಾರಿಕಾ ಮೂಲಸೌಕರ್ಯ ನಿಗಮವೇ ಹೊತ್ತುಕೊಂಡಿತು. ಮೊದಲಿಗೆ ಸಿಕ್ಕ ಅನುಮತಿ ಪೈಲಟ್ಟಿಗೆ ನೆಲ ಕಣ್ಣಾರೆ ಕಾಣುವಾಗ ಮಾತ್ರ ಇಳಿಯುವುದಕ್ಕೆ. ಮಲೆನಾಡಿನ ಮಳೆ, ಮಂಜು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಆಷಾಢ-ಶ್ರಾವಣದ ಮೋಡ ಕೆಳಗಿಳಿದರೆ ಬೆಂಗಳೂರಿನಿಂದ ಬಂದ ವಿಮಾನ ತಿರುಗಿ ಹೋಗಬೇಕು. ಅದನ್ನು ನೀಗಿಸುವುದು ಮೋಡದೊಳಗೂ ದಾರಿ ತೋರುವ ಉಪಕರಣ ಮತ್ತು ಅದಕ್ಕೆ ತಕ್ಕ ಅನುಮತಿ. ರಸ್ತೆಗೆ ಡಾಂಬರು ಹಾಕಿದ ಹಾಗೆ ರನ್‌ವೇಗೂ ಹಾಕಿ ಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿದವರಿಗೆ ಸೋಗಾನೆ ಒಳ್ಳೆಯ ಪಾಠ ಕೊಟ್ಟಿದೆ.

ಮಂಗಳೂರಿನ ಕತೆಗೆ ಮರಳಬೇಕು, ಏಕೆಂದರೆ ಅಂತರರಾಷ್ಟ್ರೀಯ ಪರವಾನಗಿಯ ಕಟ್ಟು ಅಲ್ಲಿ ಬಿಗಿಯಾಗಿ ಕಾಣುತ್ತದೆ. 2006ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮಂಗಳೂರು-ದುಬೈ ಹಾರಾಟ ತೊಡಗಿತು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಮನೆಯಲ್ಲಿ ಕೊಲ್ಲಿಯಲ್ಲಿ ದುಡಿಯುವವರಿದ್ದಾರೆ. ಅವರಿಗೆ ಅದು ಊರಿನ ಬಸ್ಸಿನಷ್ಟೇ ಅಗತ್ಯದ ಸೇವೆ. ಆದರೆ ಕೊಲ್ಲಿಯ ಕಂಪನಿಗಳಿಗೆ ಮಂಗಳೂರಿನಲ್ಲಿ ಇಳಿಯುವ ಹಕ್ಕಿಲ್ಲ. ಎರಡು ದೇಶಗಳ ಒಪ್ಪಂದದಲ್ಲಿ ಆ ದೇಶದ ವಿಮಾನ ಯಾವ ಯಾವ ಭಾರತೀಯ ಊರಿಗೆ ಬರಬಹುದು ಎಂಬ ಪಟ್ಟಿ ಇರುತ್ತದೆ. ಬೆಂಗಳೂರು, ಕೊಚ್ಚಿಗಳು ಆ ಪಟ್ಟಿಯಲ್ಲಿವೆ, ಮಂಗಳೂರಿನ ಹೆಸರಿಲ್ಲ. ಹಾಗಾಗಿ ಮಂಗಳೂರಿನಿಂದ ಹಾರುವುದು ಭಾರತದ ಕಂಪನಿಗಳು ಮಾತ್ರ. ಭಾರತದ ಕಂಪನಿಗಳನ್ನು ಉಳಿಸಿಕೊಳ್ಳಲು ಈ ಬೇಲಿ ಬೇಕು ಎಂಬ ವಾದದಲ್ಲಿ ಹುರುಳಿದೆ. ತೆರೆದುಬಿಟ್ಟರೆ ಕೊಲ್ಲಿಯ ದೊಡ್ಡ ಕಂಪನಿಗಳು ನಮ್ಮ ಪ್ರಯಾಣಿಕರನ್ನೆಲ್ಲ ದುಬೈ, ದೋಹಾಗಳ ಮೇಲೆ ಯುರೋಪು, ಅಮೆರಿಕಗಳಿಗೆ ಒಯ್ಯುತ್ತವೆ ಎಂಬ ಭಯವೂ ಸುಳ್ಳಲ್ಲ. ಆದರೆ ಆ ಬೇಲಿಯ ಬೆಲೆ ತೆರುವವನು ಯಾರು ಎಂದು ಕೇಳಬೇಕು. ರಂಜಾನಿಗೋ ಅಕ್ಕನ ಮದುವೆಗೋ ಊರಿಗೆ ಬರುವ ಕೂಲಿಕಾರ ಹಬ್ಬದ ಹೊತ್ತಿನ ದುಬಾರಿ ಟಿಕೆಟ್ಟಿನಲ್ಲಿ ಅದನ್ನು ತೆರುತ್ತಾನೆ. 1994ರ ನಿಯಮದಂತೆ, ಬೇಲಿಯ ಲಾಭ ಪಡೆಯುವ ಕಂಪನಿಗೆ ಆ ಊರಿನ ಹೊಣೆಯನ್ನೂ ಕಟ್ಟಬಹುದಿತ್ತು. ಇಷ್ಟು ಸೀಟು, ಹಬ್ಬದ ದಿನಗಳಲ್ಲಿ ಇಷ್ಟು ಹೆಚ್ಚು ಹಾರಾಟ ಎಂದು ಪರವಾನಗಿಯಲ್ಲೇ ಬರೆಯಬಹುದಿತ್ತು. ಹಾಗೆ ಬರೆಯುವುದನ್ನು ಯಾವ ಒಡಂಬಡಿಕೆಯೂ ತಡೆದಿಲ್ಲ.

ಬಸ್ರೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿದ್ದ ಕಾಲದಲ್ಲಿ ಬಂದರಿನ ಬಾಗಿಲ ಬಗ್ಗೆ ಗೋವೆಯೊಡನೆ ಜಗಳವಾಡಲು ಬಿದನೂರಿನಲ್ಲಿ ಒಬ್ಬ ಅರಸನಾದರೂ ಇದ್ದ. ಇವತ್ತು ಮಂಗಳೂರಿನ ಹೆಸರನ್ನು ಪಟ್ಟಿಗೆ ಸೇರಿಸಿ ಎಂದು ಕರಾವಳಿಯ ಸಂಸದರು, ವಾಣಿಜ್ಯೋದ್ಯಮಿಗಳು, ಕೊಲ್ಲಿಯ ಕನ್ನಡ ಸಂಘದವರು ದೆಹಲಿಗೆ ಮನವಿ ಕೊಡುತ್ತಿದ್ದಾರೆ. ದೆಹಲಿ ಮುಂದಿನ ಸುತ್ತಿನ ಮಾತುಕತೆಗೆ ಕೂರುವಾಗ ಆ ಮನವಿ ಮೇಜಿನ ಮೇಲಿರಬೇಕು. ಅದರ ಜೊತೆಗೆ ಸೋಗಾನೆಗೆ ಬೇಕಾದ ಉಪಕರಣಗಳ ಪಟ್ಟಿಯನ್ನೂ ರಾಜ್ಯ ಸರ್ಕಾರ ಕಳಿಸಬೇಕು. ಎರಡೂ ಒಂದೇ ಹಳೆಯ ದಾರಿಯ ಎರಡು ತುದಿಗಳು.